ಅಡ್ಮಿಷನ್ ಮಗಳಿಗೆ, ಹಾಜರಿ ನನಗೆ

  ನಾನು ಗೌರಿಬಿದನೂರು ತಾಲ್ಲೂಕಿನ ಅಲೀಪುರದವಳು. ಬಿಕಾಂ ಓದಿದ್ದೀನಿ, ಮನೆಯಲ್ಲೇ ಕೂತು ಎರಡು ಅಂಗಡಿಗಳ ಲೆಕ್ಕ ಬರೀತೀನಿ. ನಮ್ಮೂರು ಗೊತ್ತಿಲ್ಲದವರಿಗೆ ಒಂದು ಮಾತು: ಹೆಚ್ಚಿನ ಮನೆಗಳು ಶಿಯಾ ಮುಸ್ಲಿಮರವು, ಮನೆಮಾತು ಉರ್ದು, ಊರಿನ ಕಸುಬು ಹರಳಿನ ವ್ಯಾಪಾರ. ನಮ್ಮ ಯಜಮಾನರೂ ಹರಳಿನ ಪೊಟ್ಟಣ ಹಿಡಿದು ತಿಂಗಳಲ್ಲಿ ಹದಿನೈದು ದಿನ ಊರು ಸುತ್ತುತ್ತಾರೆ. ಹಾಗಾಗಿ ಮಗಳ ಶಾಲೆ ವಿಚಾರ ಪೂರ್ತಿ ನನ್ನ ತಲೆ ಮೇಲೆ.

ಇವತ್ತು ಹೇಳೋದು ಅದೇ ಕಥೆ. ಮೂರು ವರ್ಷದ ಮಗುನ ಎಲ್ಲಿ ಸೇರಿಸೋದು ಅಂತ ಶುರುವಾಗಿ, ಕೊನೆಗೆ ನಾನೇ ಎಲ್ಲಿಗೋ ಸೇರಿಕೊಂಡ ಕಥೆ.

ಮಗಳನ್ನು ಗುಡಿಯಾ ಅಂತೀನಿ, ಮನೇಲಿ ಕರೆಯೋದೂ ಹಾಗೇ. ಹುಟ್ಟಿದ್ದು 2021ರ ಆಗಸ್ಟ್. 2024ರ ಬೇಸಿಗೆಯಲ್ಲಿ ಅವಳಿಗಿನ್ನೂ ಮೂರು ತುಂಬಿರಲಿಲ್ಲ, ಆಗಲೇ ಬೀದಿಯ ಹೆಂಗಸರೆಲ್ಲ 'ಎಲ್ಲಿ ಹಾಕ್ತಿದ್ದೀರಾ' ಅಂತ ಕೇಳೋಕೆ ಶುರು. ಒಂದು ಖಾಸಗಿ ಶಾಲೆಗೆ ಹೋಗಿ ಬಂದೆ. ಹೆಸರು ಬೇಡ. ಪ್ಲೇ ಹೋಮ್, ಆಮೇಲೆ ಎಲ್‌ಕೆಜಿ, ಯುಕೆಜಿ. ವರ್ಷಕ್ಕೆ 28 ಸಾವಿರ, ವ್ಯಾನ್ ಬೇರೆ, ಯೂನಿಫಾರ್ಮ್ ಬೇರೆ. ಐದು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆ. ಅದು ವಾಪಸ್ ಬರಲಿಲ್ಲ, ಆ ವಿಷಯ ಈಗ ಬಿಡಿ.

ಮನೆಗೆ ಬಂದು ಬೆರಳು ಮಡಚಿ ಲೆಕ್ಕ ಹಾಕಿದೆ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರೋಕೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ 2022ರಲ್ಲೇ ಆದೇಶ ಆಗಿದೆ. ಜಾರಿಯಾಗಬೇಕಿದ್ದದ್ದು 2025-26ರಿಂದ. ಆಮೇಲೆ ಆ ಒಂದು ವರ್ಷದ ಮಟ್ಟಿಗೆ ಮಾತ್ರ ಐದು ವರ್ಷ ಐದು ತಿಂಗಳು ಆದ್ರೂ ಸಾಕು ಅಂತ ಸಡಿಲ ಮಾಡಿದ್ರು. ಈಗ ನೋಡಿ, 2027ರ ಜೂನ್ 1ಕ್ಕೆ ಗುಡಿಯಾಗೆ ಐದು ವರ್ಷ ಒಂಬತ್ತು ತಿಂಗಳು ಚಿಲ್ಲರೆ. ಅಂದ್ರೆ ಒಂದನೇ ಕ್ಲಾಸು 2028ಕ್ಕೇ. ಆ ಶಾಲೆಯವರು ಹೇಳಿದ ಲೆಕ್ಕದಲ್ಲಿ ಅವಳು 2027ಕ್ಕೇ ಯುಕೆಜಿ ಮುಗಿಸಿ ನಿಂತಿರ್ತಾಳೆ. ಮಧ್ಯದ ಒಂದು ವರ್ಷ? ಅದೇ ಯುಕೆಜಿ ಇನ್ನೊಂದು ಸಲ, ಇನ್ನೊಂದು ಫೀಸು. ಕೌಂಟರ್‌ನಲ್ಲಿ ಇದನ್ನು ಯಾರೂ ಬಾಯಿಬಿಟ್ಟಿರಲಿಲ್ಲ. ನಿಮ್ಮ ಮಗು ಜೂನ್ ಆದ್ಮೇಲೆ ಹುಟ್ಟಿದ್ದರೆ, ದಯವಿಟ್ಟು ಒಂದನೇ ತರಗತಿಯಿಂದ ಹಿಂದಕ್ಕೆ ಎಣಿಸ್ಕೊಂಡು ಬನ್ನಿ, ಪ್ಲೇ ಹೋಮಿಂದ ಮುಂದಕ್ಕೆ ಎಣಿಸಬೇಡಿ.

ಅದೇ ವಾರ ನನ್ನ ಕಾಲೇಜು ಗೆಳತಿ ಫೋನ್ ಮಾಡಿದಳು. ಗೌರಿಬಿದನೂರಿನವಳು, ಗಂಡನ ಕೆಲಸದ ಮೇಲೆ ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳ ಮಗನಿಗೂ ಮೂರು ವರ್ಷ. 'ಅಡ್ಮಿಷನ್ ಆಯ್ತಾ?' ಅಂದೆ. 'ಅವನದ್ದು ಆಯ್ತು, ನಂದಿನ್ನೂ ಟಿಬಿ ಟೆಸ್ಟ್ ರಿಪೋರ್ಟ್ ಬರ್ಬೇಕು' ಅಂದಳು. ನನಗೆ ತಲೆಬುಡ ಗೊತ್ತಾಗಲಿಲ್ಲ.

ಅವಳು ಸೇರಿಸಿದ್ದು ಅಪ್ಪ ಅಮ್ಮಂದಿರೇ ಸೇರಿ ನಡೆಸುವ ಶಿಶುವಿಹಾರಕ್ಕೆ. ನಮ್ಮ ಕಡೆಯವರಿಗೆ ಹೇಳೋದಾದ್ರೆ ಹಾಲಿನ ಡೈರಿ ಇದ್ದ ಹಾಗೆ. ಹಾಲು ಹಾಕೋರೇ ಸದಸ್ಯರು, ಅವರೇ ವೋಟು ಹಾಕಿ ಆಡಳಿತ ಮಂಡಳಿ ಮಾಡ್ತಾರಲ್ಲ, ಹಾಗೆ. ಪಾಠಕ್ಕೆ ತರಬೇತಾದ ಟೀಚರ್ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ತಾರೆ. ಉಳಿದ ಕೆಲಸಕ್ಕೆ ಪೋಷಕರದ್ದೇ ಪಾಳಿ. ಇವಳು ವಾರಕ್ಕೊಂದು ಬೆಳಿಗ್ಗೆ ಅಲ್ಲಿ ಸಹಾಯಕಿ. ತಿಂಡಿ ಹಂಚೋದು, ಬಣ್ಣದ ಕುಂಚ ತೊಳೆಯೋದು, ಅಳೋ ಮಗುನ ಸಮಾಧಾನ ಮಾಡೋದು. ತಿಂಗಳಿಗೊಂದು ಮೀಟಿಂಗು. ಅದರ ಮೇಲೆ ಒಂದೊಂದು ಮನೆಗೆ ಒಂದೊಂದು ಜವಾಬ್ದಾರಿ: ಒಬ್ಬರು ಲೆಕ್ಕ, ಒಬ್ಬರು ರಿಪೇರಿ, ಒಬ್ಬರು ಅರ್ಜಿ ನೋಡೋದು. ಹೀಗೆ ಮಕ್ಕಳ ಮಧ್ಯೆ ಇರೋರಾದ್ದರಿಂದ ಪೋಷಕರ ಲಸಿಕೆ ದಾಖಲೆ, ಟಿಬಿ ರಿಪೋರ್ಟು ಎಲ್ಲ ಕೇಳ್ತಾರೆ.

ಅರ್ಜಿ ಕೊಡೋ ಮೊದಲು ಒಂದು ಬೆಳಿಗ್ಗೆ ಹೋಗಿ ಸುಮ್ಮನೆ ಕೂತು ನೋಡ್ಬೇಕಂತೆ. ಅರ್ಜಿಯ ಫೋಟೋ ಕಳಿಸಿದಳು. ಮಗುವಿನ ಬಗ್ಗೆ ಒಂದಿಷ್ಟು ಪ್ರಶ್ನೆ, ಅಲರ್ಜಿ, ನಿದ್ದೆ, ಭಯ. ಆಮೇಲೆ ಪೋಷಕರ ಬಗ್ಗೆ. ನಿಮಗೆ ಯಾವ ಕೈಕೆಲಸ ಬರುತ್ತೆ? ಯಾವ ದಿನ ಬಿಡುವು? ಮನೆಯಲ್ಲಿ ಯಾವ ಭಾಷೆ? ನಾನು ಹೋಗಿ ಬಂದ ಶಾಲೆಯ ಅರ್ಜಿಯಲ್ಲಿ ನನ್ನ ಬಗ್ಗೆ ಇದ್ದದ್ದು ಎರಡೇ ಕಾಲಂ, ಹೆಸರು ಮತ್ತು ವರಮಾನ.

ಇದು ಶ್ರೀಮಂತ ದೇಶದ ಶೋಕಿ ಅಂತ ನಾನೂ ಅಂದ್ಕೊಂಡೆ. ಆಮೇಲೆ ಹುಡುಕಿ ಓದಿದೆ. ಅಮೆರಿಕದಲ್ಲಿ ಇದು ಶುರುವಾಗಿದ್ದು 1916ರಲ್ಲಿ, ಶಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಹೆಂಡತಿಯರು ಹನ್ನೆರಡು ಜನ ಸೇರಿ. ಅವರೇನೋ ಓದಿದೋರು, ಬಿಡಿ. ನ್ಯೂಜಿಲೆಂಡಲ್ಲಿ 1941ರಲ್ಲಿ ಗಂಡಸರು ಯುದ್ಧಕ್ಕೆ ಹೋಗಿದ್ದಾಗ, ವೆಲ್ಲಿಂಗ್ಟನ್ನಿನ ತಾಯಂದಿರು 'ಪ್ಲೇಸೆಂಟರ್' ಶುರು ಮಾಡಿದ್ರು, ಇವತ್ತಿಗೂ ನಡೀತಿದೆ. ನನಗೆ ಮನಸ್ಸಲ್ಲಿ ಉಳಿದದ್ದು ಇಟಲಿಯದು. 1945ರಲ್ಲಿ ಎರಡನೇ ಮಹಾಯುದ್ಧ ಮುಗಿದ ಕೆಲವೇ ದಿನದಲ್ಲಿ, ರೆಜ್ಜೊ ಎಮಿಲಿಯಾ ಹತ್ತಿರದ ವಿಲ್ಲಾ ಚೆಲ್ಲಾ ಅನ್ನೋ ಹಳ್ಳಿಯವರು ಜರ್ಮನ್ ಸೈನ್ಯ ಬಿಟ್ಟುಹೋದ ಒಂದು ಟ್ಯಾಂಕು, ಲಾರಿ, ಕುದುರೆ ಎಲ್ಲ ಮಾರಿ ಮಕ್ಕಳಿಗೆ ಶಾಲೆ ಕಟ್ಟಿದ್ರು. ಬಿದ್ದ ಮನೆಗಳ ಇಟ್ಟಿಗೆ ತಂದು ತಾವೇ ಗೋಡೆ ಎಬ್ಬಿಸಿದ್ರು. ಸುದ್ದಿ ಕೇಳಿ ಸೈಕಲ್ ತುಳ್ಕೊಂಡು ನೋಡೋಕೆ ಬಂದ ಮೇಷ್ಟ್ರು ಲೋರಿಸ್ ಮಲಗುಟ್ಸಿ. ಅವರು ಅಲ್ಲೇ ನಿಂತು ಬೆಳೆಸಿದ ಪದ್ಧತಿಯ ಹೆಸರನ್ನೇ ಇವತ್ತು ಬೆಂಗಳೂರಿನ ದುಬಾರಿ ಪ್ರೀಸ್ಕೂಲ್‌ಗಳು ಬೋರ್ಡಿನ ಮೇಲೆ ಬರ್ಕೊಂಡಿರೋದು. ಟ್ಯಾಂಕು ಮಾರಿ ಕಟ್ಟಿದ ಶಾಲೆಯ ಹೆಸರಲ್ಲಿ ಲಕ್ಷಗಟ್ಟಲೆ ಫೀಸು!

ಸರಿ, ಅಲೀಪುರದಲ್ಲಿ ಅಂಥದ್ದೆಲ್ಲಿ? ಇಲ್ಲ. ಇರೋದು ಅಂಗನವಾಡಿ.

ಅಂಗನವಾಡಿ ಅಂದ ತಕ್ಷಣ ನಮ್ಮ ಅತ್ತೆ, 'ಅದು ಊಟಕ್ಕೆ ಗತಿ ಇಲ್ಲದ ಮಕ್ಕಳು ಹೋಗೋ ಜಾಗ ಬೇಟಾ' ಅಂದ್ರು. ಯಜಮಾನರು ಜೈಪುರದಿಂದ ಫೋನಲ್ಲಿ, 'ನಾಲ್ಕು ಜನ ಏನಂತಾರೆ' ಅಂದ್ರು. ನಾನು ಅವರಿಬ್ಬರಿಗೆ ಉತ್ತರ ಕೊಡೋಕೆ ಅಂತ್ಲೇ ಒಂದಿಷ್ಟು ತಿಳ್ಕೊಂಡೆ. ಈ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದಲ್ಲಿ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅನ್ನ, ಲಸಿಕೆ, ತೂಕ, ಇವುಗಳ ಜೊತೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಅದರ ಕೆಲಸ. ನಮ್ಮಲ್ಲಿ ಅದಕ್ಕೆ 'ಚಿಲಿಪಿಲಿ' ಅಂತ ಪಠ್ಯವೇ ಇದೆ.

ಊಟದ ವಿಚಾರಕ್ಕೆ 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಹಕ್ಕು ಇದೆ. ಪಾಠದ ವಿಚಾರಕ್ಕೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಶುರುವಾಗೋದೇ ಆರು ವರ್ಷದಿಂದ. ಮೂರರಿಂದ ಆರರ ಮಕ್ಕಳಿಗೆ ಸರ್ಕಾರ ವ್ಯವಸ್ಥೆ 'ಮಾಡಬಹುದು' ಅಂತ ಅದರ 11ನೇ ಸೆಕ್ಷನ್ ಹೇಳುತ್ತೆ. ಮಾಡತಕ್ಕದ್ದು ಅಂತಿಲ್ಲ. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತೆ. ಅದೂ ಶಾಲೆಗೆ ಮಾತ್ರ. ಮಗುವಿನ ಮೊದಲ ಮೂರು ಕಲಿಕೆಯ ವರ್ಷಗಳು ಆ 'ಬಹುದು' ಅನ್ನೋ ಪದದೊಳಗೇ ಕಳೆದು ಹೋಗ್ತವೆ.

ಆದ್ರೆ ಅಂಗನವಾಡಿಗೂ ಒಂದು ಸಮಿತಿ ಇದೆ. ಬಾಲವಿಕಾಸ ಸಮಿತಿ. ಎಷ್ಟು ಜನ ಕೇಳಿದ್ದೀರಿ? ನಾನೂ ಕೇಳಿರಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಗುಡಿಯಾನ ಕರ್ಕೊಂಡು ಹೋದೆ. ನಮ್ಮೂರಲ್ಲಿ ಯಾವ ಅಂಗನವಾಡಿ, ಯಾವ ಬೀದಿಯದು ಅಂತ ಹೇಳಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ಫೀಸಿಲ್ಲ, ಇಂಟರ್‌ವ್ಯೂ ಇಲ್ಲ. ನನ್ನ ಆಧಾರ್, ಜನನ ಪ್ರಮಾಣ ಪತ್ರ, ತಾಯಿ ಕಾರ್ಡು. ಮಗುಗೆ ಆಧಾರ್ ಇಲ್ಲದಿದ್ರೂ ತಾಯಿಯದ್ದರ ಮೇಲೆ ದಾಖಲಾಗುತ್ತೆ, ಇದೊಂದು ನೆನಪಿಟ್ಕೊಳ್ಳಿ, ಆಧಾರ್ ಇಲ್ಲ ಅಂತ ಸುಮ್ಮನೆ ವರ್ಷ ಕಳೀಬೇಡಿ. ಟೀಚರ್ ತಮ್ಮ ಫೋನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ತೆಗೆದ್ರು. ನೆಟ್‌ವರ್ಕ್ ಬಾರದೆ ಹೊರಗೆ ಹೋಗಿ ಕೈ ಎತ್ತಿ ನಿಂತ್ರು. ಆಮೇಲೆ ಒಳಗೆ ಬಂದು, 'ಮಗುನ ತಕ್ಕಡಿ ಮೇಲೆ ನಿಲ್ಸಮ್ಮ' ಅಂದ್ರು.

ತೂಕ ನೋಡಿದ್ರು, ಎತ್ತರ ನೋಡಿದ್ರು, ಚಾರ್ಟಿನಲ್ಲಿ ಬೆರಳಿಟ್ಟರು. ಹಳದಿ.

ಹಸಿರು ಅಂದ್ರೆ ಸರಿಯಿದೆ, ಹಳದಿ ಅಂದ್ರೆ ವಯಸ್ಸಿಗೆ ತೂಕ ಕಮ್ಮಿ. ಮನೇಲಿ ಬಾದಾಮಿ, ಖರ್ಜೂರ, ಬಿಸ್ಕೆಟ್ ಎಲ್ಲ ಇದೆ. ಊಟಕ್ಕೆ ಗತಿ ಇಲ್ಲದ ಮಕ್ಕಳು ಹೋಗೋ ಜಾಗ ಅಂದಿದ್ದರಲ್ಲ, ಆ ಜಾಗದಲ್ಲಿ ನಮ್ಮ ಮಗಳು ಹಳದಿ. ಅಡ್ವಾನ್ಸ್ ತಗೊಂಡ ಶಾಲೆಯಲ್ಲಿ ಅವಳನ್ನು ಯಾರೂ ತೂಗಿರಲಿಲ್ಲ. ಟೀಚರ್ ಕೇಳಿದ್ದು ಒಂದೇ ಪ್ರಶ್ನೆ, 'ಬಿಸ್ಕೆಟ್ ಎಷ್ಟು ತಿಂತಾಳೆ?' ನನಗೆ ಅಳು ಬಂತು. ಅವರು ಬೈಯಲಿಲ್ಲ. 'ಇಲ್ಲಿ ಎಲ್ಲರ ಜೊತೆ ಕೂತು ಉಣ್ಣಲಿ ಬಿಡಮ್ಮ' ಅಂದ್ರು ಅಷ್ಟೇ.

ಹೊರಡೋ ಮುಂಚೆ ಸಮಿತಿ ಬಗ್ಗೆ ಕೇಳಿದೆ. ಅವರ ಮುಖ ಬದಲಾಯ್ತು. 'ಯಾಕಮ್ಮ, ಕಂಪ್ಲೇಂಟ್ ಕೊಡೋಕಾ?'

ಅವರ ಕಡೆಯಿಂದಲೂ ನೋಡಿ. ಪಕ್ಕದ ಹಳ್ಳಿಯಿಂದ ಬರ್ತಾರೆ. ಸಿಗೋದು ಸಂಬಳ ಅಲ್ಲ, ಗೌರವಧನ. ಸರ್ವೆ ಅಂದ್ರೆ ಅವರೇ, ವೋಟರ್ ಲಿಸ್ಟ್ ಅಂದ್ರೂ ಅವರೇ. ಆ ವರ್ಷ ಜೂನ್‌ನಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆದ್ರೆ ನಮ್ಮ ಮಕ್ಕಳೆಲ್ಲ ಅಲ್ಲಿಗೆ ಹೋಗ್ತಾರೆ ಅಂತ ಅಂಗನವಾಡಿಯವರು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಕೂತಿದ್ರಲ್ಲ, ಆ ಭಯ ಇವರಿಗೂ ಇತ್ತು. ಅಂಥ ಹೊತ್ತಲ್ಲಿ ಓದಿದ ಹೆಂಗಸೊಬ್ಬಳು ಬಂದು ಸಮಿತಿ, ಪಾಸ್‌ಬುಕ್ಕು ಅಂತ ಕೇಳಿದ್ರೆ ಯಾರಿಗಾದ್ರೂ ಹೆದರಿಕೆ ಆಗುತ್ತೆ.

ಸಮಿತಿ ಕಾಗದದಲ್ಲಿ ಇತ್ತು. ತಾಯಂದಿರೇ ಸದಸ್ಯರು, ಅವರಲ್ಲೊಬ್ಬರು ಅಧ್ಯಕ್ಷೆ, ಟೀಚರ್ ಕಾರ್ಯದರ್ಶಿ, ಇಬ್ಬರ ಹೆಸರಲ್ಲಿ ಬ್ಯಾಂಕಿನಲ್ಲಿ ಜಂಟಿ ಖಾತೆ. ಅಧ್ಯಕ್ಷೆ ನಮ್ಮ ಹಿಂದಿನ ಬೀದಿಯವರೇ. ಅವರ ಮನೆಗೆ ಹೋಗಿ, 'ಆಪಾ, ನೀವು ಅಧ್ಯಕ್ಷರಂತೆ' ಅಂದೆ. 'ಯಾವುದಕ್ಕೆ?' ಅಂದ್ರು. ಸಹಿ ಹಾಕಿದ್ದು ನೆನಪಿತ್ತು, ಯಾಕೆ ಹಾಕಿದ್ದು ಅಂತ ಗೊತ್ತಿರಲಿಲ್ಲ. ಅವರ ಮಗನಿಗೆ ಆಗಲೇ ಏಳು ವರ್ಷ, ಮೂರನೇ ಬೆಂಚಲ್ಲಿ ಕೂತು ಮಗ್ಗಿ ಹೇಳ್ತಿದ್ದ. ಟೀಚರ್ ದುಡ್ಡು ತಿಂದಿದ್ರು ಅಂತ ತಿಳೀಬೇಡಿ. ಪಾಸ್‌ಬುಕ್ ನೋಡಿದೆ, ತರಕಾರಿಗೆ ಬಂದ ದುಡ್ಡಿಗಿಂತ ಅವರು ಕೈಯಿಂದ ಹಾಕಿದ್ದೇ ಜಾಸ್ತಿ ಇತ್ತು. ಅನುದಾನ ತಡವಾದಾಗ ಅಂಗಡಿಯಲ್ಲಿ ಸಾಲ ಹೇಳಿದ್ರು. ಆ ಸಾಲದ ವಿಷಯ ಒಬ್ಬ ತಾಯಿಗೂ ಗೊತ್ತಿರಲಿಲ್ಲ. ಇದೇ ಕಾರಣಕ್ಕೆ ನಾನು ಯಾವ ಅಂಗನವಾಡಿ ಅಂತ ಹೇಳದೇ ಇರೋದು.

2025ರ ಜನವರಿಯಲ್ಲಿ ಹೊಸ ಸಮಿತಿ ಆಯ್ತು, ಮೇಲ್ವಿಚಾರಕಿ ಬಂದು ಪುಸ್ತಕದಲ್ಲಿ ಬರೆಸಿದ್ರು. ನಾನು ಸದಸ್ಯೆ, ಅಧ್ಯಕ್ಷೆ ಅಲ್ಲ. ಗೆಳತಿಯ ಅರ್ಜಿಯ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಉರ್ದುನಲ್ಲೂ ಬರೆದು ಹತ್ತೊಂಬತ್ತು ಮನೆಗೆ ಹಂಚಿದೆ: ನಿಮಗೆ ಏನು ಕೆಲಸ ಬರುತ್ತೆ, ಯಾವ ದಿನ ಬಿಡುವು. ವಾಪಸ್ ಬಂದದ್ದು ಹನ್ನೊಂದು. ಒಬ್ಬರ ಗಂಡ ಬಡಗಿ, ಆಟಿಕೆ ಇಡೋ ಹಲಗೆ ಹಾಕಿಕೊಟ್ಟರು. ಒಬ್ಬರ ಅಜ್ಜಿಗೆ ಕಥೆ ಬರ್ತಿತ್ತು. ಒಬ್ಬರು 'ಏನೂ ಬರಲ್ಲ' ಅಂತ ಬರೆದಿದ್ರು. ಮಕ್ಕಳ ಕೈ ತೊಳೆಸೋದರಲ್ಲಿ ಅವರಷ್ಟು ತಾಳ್ಮೆ ಬೇರೆ ಯಾರಿಗೂ ಇಲ್ಲ ಅಂತ ಆಮೇಲೆ ಗೊತ್ತಾಯ್ತು.

ನನ್ನದೊಂದು ಐಡಿಯಾ ಇತ್ತು, ಹೇಳಲೇಬೇಕು. ಹರಳು ಪಾಲಿಶ್ ಮಾಡುವಾಗ ಒಡೆದದ್ದು, ಬಣ್ಣಗೆಟ್ಟದ್ದು ನಮ್ಮ ಮನೆಗಳಲ್ಲಿ ಡಬ್ಬಿಗಟ್ಟಲೆ ಇರ್ತವೆ. ಕೆಂಪು, ಹಸಿರು, ನೀಲಿ. ಎಣಿಸೋಕೆ, ಬಣ್ಣ ಬೇರೆ ಮಾಡೋಕೆ ಎಷ್ಟು ಚೆನ್ನ, ನಮ್ಮೂರಿನದ್ದೇ ಸಾಮಗ್ರಿ ಅಂತ ಹಿಗ್ಗಿನಿಂದ ತಗೊಂಡು ಹೋದೆ. ಟೀಚರ್ ಡಬ್ಬಿ ಮುಚ್ಚಿ ನನ್ನ ಕೈಗೇ ಕೊಟ್ಟರು. 'ಮೂರು ವರ್ಷದ ಮಗು ಮೊದಲು ಬಾಯಿಗೇ ಹಾಕೋದು. ಗಂಟಲಲ್ಲಿ ಸಿಕ್ಕಿದ್ರೆ?' ಅಂದ್ರು. ಬಿಕಾಂ ಓದಿದ್ದು ಆ ಹೊತ್ತಿಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಆವತ್ತಿಂದ ಮಕ್ಕಳ ಮುಂದೆ ಏನಿಡಬೇಕು ಅನ್ನೋದು ಟೀಚರ್ ಮಾತು, ನೀರು, ಬೀಗ, ಬಿಲ್ಲು ನಮ್ಮ ಮಾತು ಅಂತ ಆಯ್ತು. ಗೆಳತಿಗೆ ಹೇಳಿದಾಗ ನಕ್ಕು, ಅವರ ಕಡೆಯೂ ಪೋಷಕರೇ ಟೀಚರ್‌ಗೆ ಪಾಠ ಹೇಳೋಕೆ ಹೋಗಿ ಜಗಳ ಆಗೋದು ಮಾಮೂಲಿ ಅಂದಳು.

ಪಾಳಿ ಹೇಗೆ ಅಂದ್ರೆ, ವಾರದಲ್ಲಿ ನಾಲ್ಕು ದಿನ, ದಿನಕ್ಕೊಬ್ಬರು ತಾಯಿಯೋ ಅಜ್ಜಿಯೋ, ಒಂಬತ್ತೂವರೆಯಿಂದ ಊಟ ಮುಗಿಯೋವರೆಗೆ. ಎರಡು ಕಟ್ಟುನಿಟ್ಟು: ಜ್ವರ ಕೆಮ್ಮು ಇದ್ದರೆ ಬರಬಾರದು, ಮಕ್ಕಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬಾರದು. ಎರಡನೆಯದಕ್ಕೇ ಜಾಸ್ತಿ ಜಗಳ ಆದದ್ದು, ಒಬ್ಬರು ಗ್ರೂಪ್ ಬಿಟ್ಟೇ ಹೋದ್ರು.

ಭಾಷೆ ವಿಚಾರ. ಮಕ್ಕಳು ಉರ್ದು, ಟೀಚರ್ ಕನ್ನಡ. ಮೊದಲ ತಿಂಗಳು ಗುಡಿಯಾ ಬಾಯೇ ಬಿಡಲಿಲ್ಲ, ಮೂಲೆಯಲ್ಲಿ ಕೂತು ಬಾಗಿಲು ನೋಡ್ತಿದ್ದಳು. ಖಾಸಗಿ ಶಾಲೆಗೆ ಹಾಕಿದ್ರೆ ಇಂಗ್ಲಿಷಾದ್ರೂ ಬರ್ತಿತ್ತು ಅಂತ ಅತ್ತೆ ದಿನಾ ಅಂತಿದ್ರು. ಒಂದು ದಿನ ಆ ಅಜ್ಜಿ ಕಾಗೆ ಕಥೆ ಉರ್ದುವಿನಲ್ಲಿ ಹೇಳಿದ್ರು. ಮಾರನೇ ದಿನ ಟೀಚರ್ ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿದ್ರು. 'ಕವ್ವಾ' ಎಲ್ಲಿ ಕೂತಿತ್ತು ಅಂತ ಮಕ್ಕಳಿಗೆ ಆಗಲೇ ಗೊತ್ತಿತ್ತಲ್ಲ, ಕನ್ನಡ ಕಷ್ಟ ಆಗಲಿಲ್ಲ. ಸಂಜೆ ನಮ್ಮ ಮಹಡಿ ಮೇಲೆ ಕಾಗೆ ಬಂತು. ಗುಡಿಯಾ ಅತ್ತೆಯ ಸೆರಗೆಳೆದು, 'ದಾದಿ, ಕಾಗೆ ದೇಖೋ' ಅಂದಳು. ಅತ್ತೆ ಆವತ್ತು ಏನೂ ಮಾತಾಡಲಿಲ್ಲ. ಈಗ ಅವರೂ ಪಾಳಿಯಲ್ಲಿ ಇದ್ದಾರೆ, ತಿಂಗಳಿಗೆರಡು ದಿನ.

ಎಲ್ಲ ಚೆನ್ನಾಗಾಯ್ತು ಅಂತ ಹೇಳೋಕೆ ಬಂದಿಲ್ಲ. ಪಾಳಿ ಎರಡು ಸಲ ಪೂರ್ತಿ ನಿಂತುಹೋಗಿತ್ತು. ಮೊಹರಂನಲ್ಲಿ ನಮ್ಮೂರು ಹೇಗಿರುತ್ತೆ ಗೊತ್ತಲ್ಲ, ಹೊರಗೆ ವ್ಯಾಪಾರಕ್ಕೆ ಹೋದವರೆಲ್ಲ ಬಂದಿರ್ತಾರೆ, ಹೆಂಗಸರಿಗೆ ಉಸಿರು ಬಿಡೋಕೆ ಹೊತ್ತಿರಲ್ಲ. ಕಳೆದ ಜೂನ್ ಕೊನೆಗೆ ಎಲ್ಲರೂ ಕೈಬಿಟ್ಟರು. ಊರಂಚಿನ ಇಬ್ಬರು ಕನ್ನಡದ ಅಮ್ಮಂದಿರು ಮಾತ್ರ ಸರದಿ ಮೇಲೆ ಬಂದ್ರು. ಮಣ್ಣು ಹೊರೋ, ಕೂಲಿಗೆ ಹೋಗೋ ತಾಯಂದಿರಿಗೆ ಪಾಳಿ ಅನ್ನೋದೇ ನಷ್ಟ, ಒಂದು ದಿನ ಬಂದ್ರೆ ಒಂದು ದಿನದ ಕೂಲಿ ಹೋಯ್ತು. ಅದಕ್ಕೇ ಬರಲಾಗದವರನ್ನು ಬಲವಂತ ಮಾಡಲ್ಲ ಅಂತ ತೀರ್ಮಾನ ಮಾಡಿದ್ವಿ. ಗೆಳತಿಯ ಕಡೆಯೂ ಇದೇ ತೊಡಕಂತೆ: ವಾರದ ದಿನ ಬೆಳಿಗ್ಗೆ ಬಿಡುವು ಇರೋ ಮನೆಗಳೇ ಅಂಥ ಶಾಲೆಗೆ ಅರ್ಜಿ ಹಾಕೋದು. ಈ ಪದ್ಧತಿಯ ದೊಡ್ಡ ಕೊರತೆ ಇದು ಅಂತ ನನಗನ್ನಿಸುತ್ತೆ. ನಮ್ಮಲ್ಲಿ ತಾಯಿ ಬಂದ್ರೂ ಬಾರದಿದ್ರೂ ಮಗುಗೆ ಬಾಗಿಲು ತೆಗೆದಿರುತ್ತೆ, ಅದೊಂದು ಸಮಾಧಾನ. ಗಂಡಸರು? ಬಡಗಿ ಬಿಟ್ಟರೆ ಇದುವರೆಗೆ ಒಬ್ಬರೂ ಇಲ್ಲ. ನಮ್ಮ ಯಜಮಾನರು ಊರಿಗೆ ಬಂದಾಗ ಗೇಟಿನವರೆಗೆ ಬಿಡ್ತಾರೆ, ಒಳಗೆ ಬರೋಕೆ ನಾಚಿಕೆ ಅಂತಾರೆ.

ಶೌಚಾಲಯಕ್ಕೆ ನೀರಿನ ಸಂಪರ್ಕ ಇನ್ನೂ ಆಗಿಲ್ಲ. ಸಮಿತಿಯಿಂದ ಮೂರು ಅರ್ಜಿ ಕೊಟ್ಟಿದ್ದೀವಿ, ಸ್ವೀಕೃತಿ ಸೀಲು ಹಾಕಿಸ್ಕೊಂಡು ಫೈಲ್ ಮಾಡಿಟ್ಟಿದ್ದೀನಿ. ಸದ್ಯಕ್ಕೆ ಪಾಳಿಯಲ್ಲಿ ಬರೋರು ಎರಡು ಬಕೆಟ್ ತುಂಬಿಸ್ತಾರೆ.

ಕೇಳ್ತಿರೋರಲ್ಲಿ ಮೂರು ವರ್ಷದ ಮಕ್ಕಳಿರೋರು ಇದ್ದರೆ, ಎಲ್ಲಿಗೇ ಸೇರಿಸಿ, ಫೀಸ್ ಕಟ್ಟೋ ಮೊದಲು ಒಂದು ಬೆಳಿಗ್ಗೆ ಒಳಗೆ ಕೂತು ನೋಡೋಕೆ ಬಿಡ್ತೀರಾ ಅಂತ ಕೇಳಿ. ಅಂಗನವಾಡಿಗಾದ್ರೆ ಬಾಲವಿಕಾಸ ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯ್ತು ಅಂತ ಕೇಳಿ. ಮೆತ್ತಗೆ ಕೇಳಿ. ಮೊದಲು ಟೀಚರ್‌ಗೆ ಒಂದು ಲೋಟ ನೀರು ಕೊಟ್ಟು ಕೇಳಿ.

ಗುಡಿಯಾ ಹೋದ ತಿಂಗಳು ಹಸಿರಿಗೆ ಬಂದಳು, ಗೆರೆಗೆ ಸ್ವಲ್ಪ ಮೇಲೆ. ನಾಳೆ ಗುರುವಾರ, ನನ್ನ ಪಾಳಿ. ಎರಡು ಬಕೆಟ್ ಇದ್ದೇ ಇದೆ. ಇಲ್ಲಿಗೆ ನಿಲ್ಲಿಸ್ತೀನಿ, ಗುಡಿಯಾ ಎದ್ದಿದ್ದಾಳೆ.